ಭೊಂಗಾ ಕೂಗಿದ ಶನಿವಾರ

ಸವದತ್ತಿಯ ಹತ್ತಿರದ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ನಾವು ಕೆಲವು ವರ್ಷ ಇದ್ದೆವು. ನನ್ನ ಗಂಡನಿಗೆ ಅಲ್ಲಿಯ ಪಂಪ್‌ಹೌಸಿನಲ್ಲಿ ಕೆಲಸ. ಅಲ್ಲಿಯ ನೌಕರರಿಗೆಂದು ಕಟ್ಟಿದ ಕ್ವಾರ್ಟರ್ಸಿನ ಸಾಲಿನಲ್ಲಿ ನಮ್ಮದು ಕೊನೆಯ ಮನೆ. ಅದರಾಚೆ ಮನುಷ್ಯರಿಲ್ಲ. ಒಂದು ಇಳಿಜಾರು, ನಾಲ್ಕಾರು ಜಾಲಿಗಿಡ, ಆಮೇಲೆ ಬರೀ ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ನೀರು ಜಾಲಿಗಿಡದ ಬುಡಕ್ಕೇ ಬಂದು ನಿಲ್ಲುತ್ತಿತ್ತು. ಬೇಸಿಗೆ ಬಂತೆಂದರೆ ದೂರ ಸರಿದು ಹೋಗುತ್ತಿತ್ತು. ಅದು ಬಿಟ್ಟುಕೊಟ್ಟ ಕರಿಮಣ್ಣಿನಲ್ಲಿ ಸುತ್ತಲಿನ ಹಳ್ಳಿಯವರು ಸೌತೆ, ಕಲ್ಲಂಗಡಿ ಹಾಕುತ್ತಿದ್ದರು. ನಮ್ಮ ಅತ್ತೆ ಅದನ್ನು ಎಂದೂ ಡ್ಯಾಮು ಅನ್ನಲಿಲ್ಲ. ಅವರ ಬಾಯಲ್ಲಿ ಅದು 'ಕೆರಿ'. ಅವರಿಂದಾಗಿ ನಮಗೂ ಅದು ಕೆರೆಯೇ ಆಯಿತು.

ನಾನು ರಾಮದುರ್ಗದ ಕಡೆ ಸಾಲಹಳ್ಳಿಯ ಹುಡುಗಿ. ಕೊಡ ಹೊತ್ತು ನೀರಿಗಾಗಿ ಪಾಳಿ ಹಚ್ಚಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ಹಿತ್ತಲ ಬಾಗಿಲು ತೆಗೆದು, ಮುಸುರೆ ಪಾತ್ರೆ ಮುಂದಿಟ್ಟುಕೊಂಡು, ತಿಕ್ಕುವುದನ್ನು ಬಿಟ್ಟು ಆ ನೀರನ್ನೇ ನೋಡುತ್ತ ಕೂತಿರುತ್ತಿದ್ದೆ. ಇಷ್ಟು ನೀರು ಕಣ್ಣೆದುರಿಗೆ ಇರುವವರಿಗೆ ಏನು ಚಿಂತೆ ಇರಲಿಕ್ಕೆ ಸಾಧ್ಯ ಅನ್ನಿಸುತ್ತಿತ್ತು. ನೆಂಟರಿಗೂ ಹಾಗೇ ಅನ್ನಿಸುತ್ತಿತ್ತೇನೋ. ಬಿಸಿಲು ಏರತೊಡಗಿದ ಕೂಡಲೇ 'ಒಂದೆರಡ ದಿನ ಹವಾ ತೊಗೊಂಡ ಬರೂಣು' ಎಂದು ಯಾರಾದರೂ ಒಬ್ಬರು ಬಂದೇ ಬರುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದ ಆ ವರ್ಷ, ಯುಗಾದಿಯಾಗಿ ಹೆಚ್ಚು ದಿನ ಆಗಿರಲಿಲ್ಲ, ನನ್ನ ಗಂಡನ ಅಕ್ಕ ಬೈಲಹೊಂಗಲದಿಂದ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಶನಿವಾರ ಮುಂಜಾನೆಯ ಬಸ್ಸಿಗೆ ಬಂದರು. ಹುಡುಗಿಯರ ಪರೀಕ್ಷೆ ಮುಗಿದಿತ್ತು. ಸೋಮವಾರ ಹೊರಡುವುದು ಎಂದು ಮೊದಲೇ ಹೇಳಿ ಕಳಿಸಿದ್ದರು. ಒಂದು ಚೀಲದಲ್ಲಿ ಚುರುಮುರಿ, ಪುಠಾಣಿ, ಇನ್ನೊಂದರಲ್ಲಿ ಶೇಂಗಾ ಹೋಳಿಗೆ. ಚೀಲ ಕೆಳಗಿಡುವ ಮೊದಲೇ ನನ್ನ ಮಗಳನ್ನು ಎತ್ತಿಕೊಂಡು ಕೇಳಿದರು:

"ಏನ ಅಂತಾಳ ನಮ್ಮ ಸೊಸಿ? ಇನ್ನೂ ಮಾತ ಬಂದಿಲ್ಲನ?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಒಳಗಿನಿಂದ ಉತ್ತರ ಕೊಟ್ಟರು. "ಬರ್ತೈತಿ ತಗೋ. ಇವರಪ್ಪ ಮೂರ ವರ್ಸಕ್ಕ ಬಾಯಿ ಬಿಟ್ಟಾಂವ. ಈಗ ಮುಚ್ಚಸೂದ ತ್ರಾಸ ಆಗೇತಿ."

ಎಲ್ಲರೂ ನಕ್ಕೆವು. ಮಗಳಿಗೆ ಆಗ ಎರಡು ವರ್ಷ ದಾಟಿ ಕೆಲವು ತಿಂಗಳಾಗಿದ್ದವು. ಮಾತಿಲ್ಲ ಅನ್ನುವುದು ಬಿಟ್ಟರೆ ಯಾವುದರಲ್ಲೂ ಹಿಂದಿರಲಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಕೊಡದಿದ್ದರೆ ನಮ್ಮ ಗದ್ದ ಹಿಡಿದು ಮುಖವನ್ನು ಆ ಕಡೆ ತಿರುಗಿಸುತ್ತಿದ್ದಳು. ನಾವು ಮಾತಾಡುವಾಗ ನಮ್ಮ ಬಾಯಿಯನ್ನೇ ದಿಟ್ಟಿಸುತ್ತಿದ್ದಳು. ಎಷ್ಟು ಲಕ್ಷ್ಯ ಕೊಟ್ಟು ಕೇಳುತ್ತಾಳೆ ಎಂದು ನಾನು ಅಕ್ಕಪಕ್ಕದವರಿಗೆ ಹೇಳಿ ಹಿಗ್ಗುತ್ತಿದ್ದೆ.

ಊಟವಾಗಿ, ಬಿಸಿಲು ತುಸು ತಗ್ಗಿದ ಮೇಲೆ ನಾವು ನೀರಿನ ಕಡೆ ಇಳಿದೆವು. ಗಂಡ ಡ್ಯೂಟಿಯಲ್ಲಿದ್ದರು. ಅತ್ತೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. ನಾದಿನಿ ಸೀರೆ ಎತ್ತಿ ಕಟ್ಟಿ, ಒಂದು ಕಲ್ಲಿನ ಮೇಲೆ ಕೂತು, ಕಾಲನ್ನು ನೀರಿಗೆ ಬಿಟ್ಟರು.

"ನೀವು ಪುಣ್ಯಾ ಮಾಡೀರಿ ನೋಡ ತಂಗಿ. ನಮ್ಮ ಮಾಳಗಿ ಮ್ಯಾಲ ಹಪ್ಪಳ ಇಟ್ರ ಸುಟ್ಟ ಬರ್ತಾವ ಈಗ."

ಅವರ ಹುಡುಗಿಯರು ಮೊಣಕಾಲುದ್ದದ ನೀರಿನಲ್ಲಿ ನಿಂತು ಒಬ್ಬರಿಗೊಬ್ಬರು ಎರಚುತ್ತಿದ್ದರು. ನನ್ನ ಮಗಳು ಅಣೆಕಟ್ಟಿನ ಕಡೆ ಬೆನ್ನು ಮಾಡಿ, ಹಸಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ತೂತು ಮಾಡುತ್ತಿದ್ದಳು. ಗಾಳಿ ತಂಪಾಗಿತ್ತು. ನನಗೆ ನಿದ್ದೆ ಬರುವ ಹಾಗಾಗಿತ್ತು.

ಆಗ ಭೊಂಗಾ ಕೂಗಿತು. ಹೊಳೆಗೆ ನೀರು ಬಿಡುವ ಮೊದಲು, ಕೆಳಗಿನ ಪಾತ್ರದಲ್ಲಿರುವ ಜನ ದನ ಮೇಲೆ ಬರಲಿ ಎಂದು ಅಣೆಕಟ್ಟಿನ ಮೇಲಿನ ಸೈರನ್ ಹಾಕುತ್ತಾರೆ. ಅದಕ್ಕೆ ನಮ್ಮ ಕಡೆ ಭೊಂಗಾ ಎನ್ನುವುದು. ಮಳೆಗಾಲದಲ್ಲಿ ಕೂಗುವಾಗ ನಾವು ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದೆವು, ಮಗಳು ಮಡಿಲಲ್ಲೋ ತೊಟ್ಟಿಲಲ್ಲೋ ಇರುತ್ತಿದ್ದಳು. ಬಯಲಿನಲ್ಲಿ, ಅಷ್ಟು ಹತ್ತಿರದಿಂದ, ಅದನ್ನು ನಾನೂ ಕೇಳಿರಲಿಲ್ಲ. ಎದೆಯೊಳಗೆ ಕೈ ಹಾಕಿ ಅಲುಗಿಸಿದ ಹಾಗಾಯಿತು.

ನೀರಿನಲ್ಲಿದ್ದ ಹುಡುಗಿಯರಿಬ್ಬರೂ ಕಿವಿ ಮುಚ್ಚಿಕೊಂಡು ಚೀರುತ್ತ ತಾಯಿಯ ಕಡೆ ಓಡಿದರು. ನಾದಿನಿ "ಯಪ್ಪಾ ಶಿವನ, ಏನಿದು!" ಎಂದು ಎದೆ ಹಿಡಿದುಕೊಂಡರು. ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತಿದವು. ದಂಡೆಯ ಕೊಕ್ಕರೆಗಳೆಲ್ಲ ಒಮ್ಮೆಲೇ ಎದ್ದವು.

ನನ್ನ ಮಗಳು ತೂತು ಮಾಡುತ್ತಲೇ ಇದ್ದಳು.

ಅವಳ ಹೆಗಲು ಕೂಡ ಅಲುಗಲಿಲ್ಲ. ಕೊಕ್ಕರೆಗಳ ನೆರಳು ಅವಳ ಮುಂದಿನ ಮಣ್ಣಿನ ಮೇಲೆ ಹಾದುಹೋದಾಗ ತಲೆ ಎತ್ತಿದಳು. ಆಕಾಶ ನೋಡಿದಳು. ನನ್ನ ಕಡೆ ತಿರುಗಿ, ಹಕ್ಕಿಗಳತ್ತ ಬೆರಳು ಮಾಡಿ, ಬಾಯಿ ತುಂಬ ನಕ್ಕಳು. ಭೊಂಗಾ ಇನ್ನೂ ಕೂಗುತ್ತಲೇ ಇತ್ತು.

ಅದು ನಿಂತ ಮೇಲೆ ನಾನು ಎದ್ದು ಅವಳ ಹಿಂದೆ ಹೋಗಿ ನಿಂತೆ. ಹೆಸರು ಹಿಡಿದು ಕರೆದೆ. ಇನ್ನೊಮ್ಮೆ ಜೋರಾಗಿ ಕರೆದೆ. ಚಪ್ಪಾಳೆ ತಟ್ಟಿದೆ. ಇಲ್ಲ. ಒಂದು ಹೆಜ್ಜೆ ಮುಂದಿಟ್ಟೆ. ನನ್ನ ನೆರಳು ಅವಳ ಕೈಯ ಮೇಲೆ ಬಿತ್ತು, ತಟ್ಟನೆ ತಿರುಗಿದಳು. ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಅವಳು ಯಾವಾಗಲೂ ಹೀಗೇ ತಿರುಗುತ್ತಿದ್ದಳು. ನೆರಳಿಗೆ, ಗಾಳಿಗೆ, ಸೀರೆಯ ಸೆರಗು ತಾಗಿದ್ದಕ್ಕೆ. ನಾನು ಕರೆದದ್ದಕ್ಕಲ್ಲ.

"ಆಟದಾಗ ಚಿತ್ತ ಇರ್ತೈತಿ ಹುಡುಗರಿಗೆ" ಎಂದರು ನಾದಿನಿ. ನನ್ನ ಮುಖ ನೋಡಿ, ಹುಡುಗಿಯರ ಒದ್ದೆ ಲಂಗ ಹಿಂಡತೊಡಗಿದರು.

ಮನೆಗೆ ಬಂದು ಒಲೆ ಹಚ್ಚಿದೆ. ಚಹಾ ಉಕ್ಕಿ ಚೆಲ್ಲಿತು. ನನ್ನ ತಲೆಯಲ್ಲಿ ಹಳೆಯದೆಲ್ಲ ಸುತ್ತುತ್ತಿತ್ತು. ವರ್ಷ ತುಂಬುವ ಮೊದಲು ಅವಳಿಗೆ ಒಂದು ಕೆಟ್ಟ ಜ್ವರ ಬಂದಿತ್ತು. ಕುತ್ತಿಗೆ ಬಿಗಿದು, ಕಣ್ಣು ಮೇಲೆ ಮಾಡಿಕೊಂಡು ಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಉಳಿಸಿಕೊಂಡು ಬಂದೆವು. ಊರಿಗೆಲ್ಲ ಸಕ್ಕರೆ ಹಂಚಿದೆವು. ಆ ಜ್ವರಕ್ಕೆ ಮೊದಲು ಅವಳು 'ಅವ್ವಾ' ಅನ್ನುತ್ತಿದ್ದಳು. ಕಾಗೆ ಕಂಡರೆ 'ಕಾ' ಅನ್ನುತ್ತಿದ್ದಳು. ಜ್ವರ ಬಿಟ್ಟ ಮೇಲೆ ಎರಡೂ ನಿಂತುಹೋದವು. ನಿಶ್ಶಕ್ತಿ, ಹೊಸದಾಗಿ ಕಲಿಯುತ್ತಾಳೆ ಎಂದಿದ್ದರು ಎಲ್ಲರೂ. ಜೀವ ಉಳಿದದ್ದೇ ಹೆಚ್ಚು ಎಂದುಕೊಂಡಿದ್ದ ನನಗೆ ಆ ಎರಡು ಶಬ್ದ ಹೋದದ್ದು ಲೆಕ್ಕಕ್ಕೇ ಬಂದಿರಲಿಲ್ಲ.

ಸಂಜೆ ಗಂಡ ಬಂದ ಕೂಡಲೇ ಹೇಳಿದೆ.

"ರೀ, ಕೂಸಿಗೆ ಕಿವಿ ಕೇಳಸವಲ್ವು."

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದವರು ನಕ್ಕರು. "ಮುಂಜಾನಿ ನಾ ಹೋಗೂ ಮುಂದ ಬಾಗಲಾ ತಗದ್ರ ತಿರುಗಿ ನೋಡಿದ್ಳು. ಏನ ಹುಚ್ಚ ಹಿಡದೈತಿ ನಿನಗ?"

ಒಳಗೆ ಬಂದು, ಆಡುತ್ತ ಕೂತಿದ್ದ ಮಗಳ ಹಿಂದೆ ನಿಂತು, ಕಾಲಿನಿಂದ ನೆಲವನ್ನು ಜೋರಾಗಿ ತುಳಿದರು. ಅವಳು ತಿರುಗಿದಳು. "ನೋಡಿದೇನ!" ಎಂದರು ಗೆದ್ದವರ ಹಾಗೆ.

ನಮ್ಮ ಮನೆಯ ನೆಲಕ್ಕೆ ಹಾಕಿದ್ದು ಫರ್ಸಿಕಲ್ಲು. ಸರಿಯಾಗಿ ಕೂತಿರಲಿಲ್ಲ, ಒಂದು ಕಡೆ ತುಳಿದರೆ ಇನ್ನೊಂದು ಕಡೆ ಅಲುಗುತ್ತಿತ್ತು. ನಾನು ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಮಂಚದ ಮೇಲೆ ಹಾಸಿ, ಮಗಳನ್ನು ಅದರ ಮೇಲೆ ಕೂಡಿಸಿದೆ. ಕೈಗೊಂದು ಗೊಂಬೆ ಕೊಟ್ಟೆ. ಗಂಡನಿಗೆ ಹಿತ್ತಾಳೆಯ ಪರಾತ, ಸೌಟು ಕೊಟ್ಟು, "ಈಗ ಬಾರಸರಿ" ಅಂದೆ.

ಅವರು ಒಂದು ಸಲ ಬಾರಿಸಿದರು. ನಾದಿನಿಯ ಮಕ್ಕಳು ಹೊರಗಿನಿಂದ ಓಡಿ ಬಂದರು. ಮಗಳು ಗೊಂಬೆಯ ಕೂದಲು ಬಿಡಿಸುತ್ತಿದ್ದಳು. ಇನ್ನೊಂದು ಸಲ. ಮತ್ತೂ ಹತ್ತಿರ ಹೋಗಿ, ಅವಳ ತಲೆಯ ಹಿಂದೆಯೇ ಪರಾತ ಹಿಡಿದು ಬಾರಿಸಿದರು. ಆಮೇಲೆ ನಿಲ್ಲಿಸಲೇ ಇಲ್ಲ. ಯಾರ ಮೇಲೋ ಸಿಟ್ಟಿದ್ದವರ ಹಾಗೆ ಬಡಿದೇ ಬಡಿದರು. ಅತ್ತೆ ಬಂದು ಕೈಯಿಂದ ಸೌಟು ಕಸಿದುಕೊಂಡರು.

"ಏನ ನಡಸೀರಿ ಇದು? ಕೂಸು ಅಂಜಬೇಕು ಅಂತನ?"

ಅಂಜಿದ್ದರೆ ಎಷ್ಟು ಚೆನ್ನಾಗಿತ್ತು.

ಗಂಡ ಸೋಲು ಒಪ್ಪಲಿಲ್ಲ. ರೇಡಿಯೊ ತಂದು, ಪೂರ್ತಿ ದೊಡ್ಡದು ಮಾಡಿ, ಮಗಳ ಮುಂದೆ ಹಿಡಿದರು. ಅವಳು ಅದರ ಜಾಳಿಗೆಯ ಮೇಲೆ ಅಂಗೈ ಇಟ್ಟಳು. ಮುಖ ಅರಳಿತು. ಕಿಲಕಿಲ ನಕ್ಕಳು. "ನೋಡ, ನಗಾಕತ್ತಾಳ! ಕೇಳಸ್ತೈತಿ!" ಎಂದು ಕೂಗಿದರು. ನಾನು ಮೆಲ್ಲಗೆ ಅವಳ ಕೈ ಎತ್ತಿ ಬದಿಗಿಟ್ಟೆ. ನಗು ನಿಂತಿತು. ಮತ್ತೆ ಕೈಯಿಟ್ಟೆ, ಮತ್ತೆ ನಕ್ಕಳು. ಹಾಡು ಅವಳ ಅಂಗೈಗೆ ಮಾತ್ರ ತಾಗುತ್ತಿತ್ತು. ಗಂಡ ರೇಡಿಯೊ ಬಂದ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು, ಹೊರಗೆ ಹೋಗಿಬಿಟ್ಟರು.

ಮರುದಿನ ಭಾನುವಾರ. ಯಾವ ಡಾಕ್ಟರೂ ಸಿಗುವುದಿಲ್ಲ. ಕಿವಿಯ ಡಾಕ್ಟರೆಂದರೆ ಧಾರವಾಡಕ್ಕೇ ಹೋಗಬೇಕು, ಅದೂ ಸೋಮವಾರ. ಒಂದು ಇಡೀ ದಿನ ಏನೂ ಮಾಡಲಿಕ್ಕಿಲ್ಲದೆ ಬಿದ್ದುಕೊಂಡಿತ್ತು. ಆ ಭಾನುವಾರದಷ್ಟು ಉದ್ದದ ದಿನವನ್ನು ನಾನು ಆಮೇಲೆ ಕಂಡಿಲ್ಲ.

ಮುಂಜಾನೆ ಎದ್ದು ನೋಡಿದರೆ ದೇವರ ಗೂಡಿನ ಮುಂದೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ನನ್ನ ಮಗಳು. ಪೂಜೆ ಯಾವಾಗಲೋ ಮುಗಿದಿತ್ತು, ಕರ್ಪೂರ ಆರಿತ್ತು. ಅತ್ತೆ ಗಂಟೆಯನ್ನು ಅವಳ ಒಂದು ಕಿವಿಯ ಹತ್ತಿರ ತರುತ್ತಿದ್ದರು, ಬಾರಿಸುತ್ತಿದ್ದರು, ಮುಖ ನೋಡುತ್ತಿದ್ದರು. ಆಮೇಲೆ ಇನ್ನೊಂದು ಕಿವಿ. ಮಗಳು ವಿಭೂತಿಯ ತಟ್ಟೆಯಲ್ಲಿ ಬೆರಳು ಅದ್ದಿ ಅಜ್ಜಿಯ ಮೂಗಿಗೆ ಹಚ್ಚುತ್ತಿದ್ದಳು. ಅತ್ತೆಯ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಗಂಟೆ ಬಾರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನನ್ನು ಕಂಡು, "ಏನಿಲ್ಲ, ಆಟ ಆಡಸಾಕತ್ತಿದ್ನಿ" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು.

ಮಕ್ಕಳಿಗೆ ಮಾತು ಕೊಟ್ಟಾಗಿತ್ತು, ಭಾನುವಾರ ದಂಡೆಯ ಮೇಲೆ ಊಟ ಎಂದು. ನಾದಿನಿಯೇ ಮುಂದೆ ನಿಂತು ಬುತ್ತಿ ಕಟ್ಟಿದರು. "ನಡೀ ತಂಗಿ, ಮನ್ಯಾಗ ಕುಂತ ಒಬ್ಬರ ಮಾರಿ ಒಬ್ಬರು ನೋಡಿ ಏನ ಮಾಡೂದೈತಿ" ಎಂದರು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೊಸರನ್ನ. ಜಾಲಿಗಿಡದ ನೆರಳಿನಲ್ಲಿ ಚಾಪೆ ಹಾಸಿ ಕೂತೆವು. ಅತ್ತೆಯೂ ಕಾಲೆಳೆದುಕೊಂಡು ಬಂದಿದ್ದರು. ದೂರದಿಂದ ನೋಡಿದವರು ಯಾವ ಸುಖದ ಸಂಸಾರವೋ ಅಂದುಕೊಳ್ಳಬೇಕು. ನೀರು ಹೊಳೆಯುತ್ತಿತ್ತು. ಕಲ್ಲಂಗಡಿ ಬಳ್ಳಿಗಳ ನಡುವೆ ಒಬ್ಬ ಹೆಂಗಸು ಬಗ್ಗಿ ಕೆಲಸ ಮಾಡುತ್ತಿದ್ದಳು. ದಂಡೆಯಲ್ಲಿ ಮೀನು ಹಿಡಿಯುವವರ ಹರಿಗೋಲುಗಳು, ಬಿದಿರಿನ ದೊಡ್ಡ ಬುಟ್ಟಿಯಂಥವು, ಬೋರಲು ಬಿದ್ದು ಒಣಗುತ್ತಿದ್ದವು.

ಊಟದುದ್ದಕ್ಕೂ ಒಬ್ಬೊಬ್ಬರೂ ಕದ್ದು ಮಗಳನ್ನು ಪರೀಕ್ಷೆ ಮಾಡುತ್ತಿದ್ದೆವು. ಗಂಡ ಅನ್ನದ ತಟ್ಟೆ ಇಡುವಾಗ ಬೇಕೆಂದೇ ಸಪ್ಪಳ ಮಾಡುತ್ತಿದ್ದರು. ನಾದಿನಿ ಹಿಂದಿನಿಂದ ನಾಲಿಗೆಯಲ್ಲಿ ಟಕ್ ಟಕ್ ಅನ್ನಿಸುತ್ತಿದ್ದರು. ನಾನು ಮನಸ್ಸಿನಲ್ಲಿ, ಒಂದೇ ಒಂದು ಸಲ ತಿರುಗು, ತಪ್ಪಿಯಾದರೂ ತಿರುಗು ಎಂದು ಬೇಡುತ್ತಿದ್ದೆ. ಅತ್ತೆ ದೇವಿಯ ಗುಡ್ಡದ ಕಡೆ ಕೈಮುಗಿದು ಏನೋ ಹರಕೆ ಹೊತ್ತರು. ಮಗಳು ಎಲ್ಲರ ಮುಖ ನೋಡಿ ನಗುತ್ತ, ಎಲ್ಲರ ಕೈಯಿಂದ ಒಂದೊಂದು ತುತ್ತು ಉಂಡಳು.

ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತು. ನಾದಿನಿ ಸಣ್ಣ ಮಗಳಿಗೆ ಜಡೆ ಹಾಕುತ್ತಿದ್ದರು. ಅತ್ತೆ ಅಡ್ಡಾಗಿದ್ದರು. ನಾನೂ ಗಂಡನೂ ನಾಳೆ ಯಾವ ಬಸ್ಸಿಗೆ ಹೊರಡುವುದು ಎಂದು ಮಾತಾಡುತ್ತಿದ್ದೆವು, ಅದು ಬೆಳೆದು ಜಗಳವಾಯಿತು. "ಡಾಕ್ಟರ ಕಡೆ ಹೋದಕೂಡ್ಲೇ ಇಲ್ಲದ್ದ ಇದ್ದಂಗ ಆಗ್ತೈತಿ, ಇನ್ನೊಂದ ತಿಂಗಳ ನೋಡೂಣು" ಎಂದರು ಅವರು. "ನೀವು ಬರದಿದ್ರ ನಾ ಒಬ್ಬಾಕೀನ ಹೊತಗೊಂಡ ಹೋಗ್ತೇನಿ" ಎಂದೆ ನಾನು. ಆ ಮಾತು ಆಡಿ ತಿರುಗಿ ನೋಡಿದರೆ ಮಗಳಿಲ್ಲ.

ಎಲ್ಲರೂ ಅಲ್ಲೇ ಇದ್ದೆವು. ಯಾರ ಕಣ್ಣಿಗೂ ಬೀಳದೆ ಹೋಗಿದ್ದಳು.

ಮೊದಲು ನಾನು ಹೆಸರು ಹಿಡಿದು ಕೂಗಿದೆ. ಗಂಡ ಎದ್ದು ಇನ್ನೊಂದು ದಿಕ್ಕಿಗೆ ಮುಖ ಮಾಡಿ ಕೂಗಿದರು. ನಾದಿನಿ, ಅವರ ಮಕ್ಕಳು, ಅತ್ತೆ, ಎಲ್ಲರೂ ಕೂಗತೊಡಗಿದರು. ಅಷ್ಟೂ ದನಿಗಳು ನೀರಿನ ಮೇಲೆ ಹೋಗಿ ಬಿದ್ದವು. ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದೆವು. ಒಬ್ಬರ ಮುಖ ಒಬ್ಬರು ನೋಡಿದೆವು. ಕೂಗುವುದರಿಂದ ಏನೂ ಆಗುವುದಿಲ್ಲ ಎಂಬುದು ಆ ಕ್ಷಣದಲ್ಲಿ ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಕೂಸು ಕಾಣದಾದಾಗ ಬೇರೆ ತಾಯಂದಿರಿಗೆ ಕೂಗುವ ಕೆಲಸವೊಂದು ಇರುತ್ತದೆ. ಕಾಲು ಓಡುವ ಮೊದಲು ದನಿ ಓಡಿ ಹೋಗಿ ಮಗುವನ್ನು ಮುಟ್ಟುತ್ತದೆ, 'ಅಲ್ಲೇ ನಿಂದ್ರು, ಬಂದೆ' ಎಂದು ಹೇಳುತ್ತದೆ. ನನಗೆ ಆ ಕೆಲಸವೂ ಇರಲಿಲ್ಲ. ನಾನು ಓಡಿದೆ. ಹಸಿ ಮಣ್ಣಿನಲ್ಲಿ ಅವಳ ಸಣ್ಣ ಪಾದದ ಗುರುತು ನೀರಿನ ಕಡೆ ಹೋಗಿತ್ತು. ಸ್ವಲ್ಪ ದೂರದಲ್ಲಿ ಎಮ್ಮೆಗಳು ತುಳಿದ ರಾಡಿ, ಅಲ್ಲಿ ಗುರುತು ಕಲಸಿ ಹೋಗಿತ್ತು. ಅದರಾಚೆ ನೀರು. ಗಂಡ ಚಪ್ಪಲಿ, ಅಂಗಿ ಸಮೇತ ಇಳಿದರು. ಸೊಂಟದ ತನಕ ಹೋಗಿ, ಎರಡೂ ಕೈಯಿಂದ ನೀರನ್ನು ಬಗೆಯುತ್ತಿದ್ದರು, ಕಾಳು ಕೇರುವವರ ಹಾಗೆ. ಹಾಗೆ ಬಗೆಯುತ್ತಲೇ ಮತ್ತೆ ಅವಳ ಹೆಸರನ್ನು ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ. ಕೇಳುವುದಿಲ್ಲ ಎಂದು ಗೊತ್ತಿದ್ದೂ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ನೀರು ಎಷ್ಟು ಶಾಂತವಾಗಿತ್ತೆಂದರೆ, ಅದನ್ನು ಹಿಡಿದು ಹರಿದು ಹಾಕಬೇಕು ಅನ್ನಿಸಿತು. ಇವಳನ್ನು ಉಳಿಸಿಕೊಡು, ಕಿವಿ ಬೇಡ, ಮಾತು ಬೇಡ, ಏನೂ ಬೇಡ ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ. ನಿನ್ನೆಯಿಂದ ಬೇಡುತ್ತಿದ್ದುದನ್ನೆಲ್ಲ ಒಂದೇ ಉಸಿರಿಗೆ ಬಿಟ್ಟುಕೊಟ್ಟೆ.

ಎಷ್ಟು ಹೊತ್ತಾಯಿತೋ. ನಾದಿನಿ ನನ್ನ ತೋಳು ಹಿಡಿದು ಜಗ್ಗಿದರು. ಕಲ್ಲಂಗಡಿ ಹೊಲದ ಹೆಂಗಸು ದೂರದಲ್ಲಿ ನಿಂತು ಕೈ ಬೀಸುತ್ತಿದ್ದಳು. ಏನೋ ಕೂಗುತ್ತಿದ್ದಳು, ಎದುರು ಗಾಳಿಗೆ ಒಂದೂ ತಿಳಿಯುತ್ತಿರಲಿಲ್ಲ. ಅವಳು ಕೂಗುವುದನ್ನು ಬಿಟ್ಟು, ಸೆರಗನ್ನು ಬಿಚ್ಚಿ ಮೇಲೆತ್ತಿ ಬೀಸಿ, ತನ್ನ ಬದಿಗೆ ಬೋರಲು ಬಿದ್ದಿದ್ದ ಹರಿಗೋಲಿನ ಕಡೆ ಕೈ ಮಾಡಿದಳು.

ಹರಿಗೋಲಿನ ಒಂದು ಅಂಚು ಕಲ್ಲಿನ ಮೇಲೆ ಏರಿ ಕೂತಿತ್ತು. ಅದರ ಕೆಳಗಿನ ನೆರಳಿನಲ್ಲಿ ಮಗಳು ಮಲಗಿದ್ದಳು. ಕೈಯಲ್ಲಿ ಅರ್ಧ ಕಚ್ಚಿದ ಸೌತೆಕಾಯಿ, ಗಲ್ಲದ ತುಂಬ ಮಣ್ಣು. ಅಷ್ಟು ಜನ ಅಷ್ಟು ಹೊತ್ತು ಕೂಗಿದ್ದರೂ ಅವಳ ನಿದ್ದೆಗೆ ಒಂದಿಷ್ಟೂ ಅಡ್ಡಿಯಾಗಿರಲಿಲ್ಲ.

"ಬಂದಾಗಿಂದ ಮಾತಾಡಸಾಕತ್ತೇನಿ, ಪಿಟ್ಟ ಅನವಲ್ದು" ಎಂದಳು ಹೊಲದ ಹೆಂಗಸು. "ಸೌತಿಕಾಯಿ ಕೊಟ್ಟೆ, ತಿನ್ಕೋತ ಮಲ್ಕೊಂತು. ನೀವು ಹುಡುಕಾಕತ್ತೀರಿ ಅಂತ ಈಗ ನೋಡಿದ್ನಿ." ಆಮೇಲೆ ಮಗಳನ್ನೂ ನಮ್ಮನ್ನೂ ನೋಡಿ, ಸಹಜವಾಗಿ ಕೇಳಿದಳು. "ಯಾಕವ್ವಾ, ಕೂಸಿಗೆ ಕೇಳಸಂಗಿಲ್ಲನ?"

ನಾನು ಮಗಳನ್ನು ಎತ್ತಿ ಅಪ್ಪಿಕೊಂಡಿದ್ದೆ. ನನ್ನ ಹಿಂದೆ, ಸೊಂಟದವರೆಗೆ ನೀರು ಸೋರಿಸುತ್ತ ನಿಂತಿದ್ದ ಗಂಡ ಹೇಳಿದರು.

"ಹೌದ್ರಿ. ಕೇಳಸಂಗಿಲ್ಲ."

ಹೇಳಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ದೂರದಿಂದ ಕಾಲೆಳೆಯುತ್ತ ಬರುತ್ತಿದ್ದರು. ಮೊಮ್ಮಗಳನ್ನು ಕಂಡು ನಿಂತರು, ಆಮೇಲೆ ಮಗನ ಹತ್ತಿರ ಹೋಗಿ ಅವರ ತಲೆಯ ಮೇಲೆ ಕೈಯಿಟ್ಟರು. ಆ ಹೆಂಗಸಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ಕಲ್ಲಂಗಡಿ ಕಿತ್ತು ತಂದು ನಾದಿನಿಯ ಮಕ್ಕಳ ಕೈಗಿತ್ತಳು.

ಸೋಮವಾರ ಮುಂಜಾನೆ ಒಂದೇ ಟಂಟಂ ಆಟೊದಲ್ಲಿ ಸವದತ್ತಿಯ ಬಸ್‌ಸ್ಟ್ಯಾಂಡಿಗೆ ಹೋದೆವು. ನಾದಿನಿ ಬೈಲಹೊಂಗಲದ ಬಸ್ಸು ಹತ್ತಿದರು, ನಾವು ಧಾರವಾಡದ್ದು. ಬಸ್ಸು ಹೊರಡುವ ತನಕ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಹಿಡಿದುಕೊಂಡಿದ್ದರು.

ಧಾರವಾಡದ ಡಾಕ್ಟರು ವಯಸ್ಸಾದವರು. ಏನೇನೋ ಯಂತ್ರದ ಮುಂದೆ ಮಗಳನ್ನು ಕೂಡಿಸಿ ನೋಡಿದರು. ದೊಡ್ಡ ಜ್ವರ ಏನಾದರೂ ಬಂದಿತ್ತೇ ಎಂದು ಕೇಳಿದರು. ನಾವು ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು.

"ಜೀವಾ ಉಳದದ್ದ ದೊಡ್ಡದು. ಆದ್ರ ಕಿವಿ ಒಳಗಿನ ನರ ಹೋಗ್ಯಾವ. ಅವು ತಿರುಗಿ ಬರೂದಿಲ್ಲ."

"ಆಪರೇಶನ್ ಏನರ..." ಎಂದರು ಗಂಡ.

"ಇಲ್ಲೇ ನಮ್ಮ ಕೈಲೆ ಆಗೂದಿಲ್ಲರಿ. ಕಿವಿಗೆ ಮಷಿನ್ ಹಾಕಿ ನೋಡೂಣು. ಭಾಳ ಆಶಾ ಇಟ್ಕೋಬ್ಯಾಡ್ರಿ."

ಮಷಿನ್ ಬಂತು. ಅದನ್ನು ಹಾಕಿದರೆ ಅವಳು ಕಿತ್ತು ಎಸೆಯುತ್ತಿದ್ದಳು. ಗುಡ್ಡದ ಹರಕೆಯೂ ತೀರಿತು, ಯಾರೋ ಹೇಳಿದ ಎಣ್ಣೆಯೂ ಆಯಿತು, ದೇಗಾಂವದ ಹತ್ತಿರ ಒಬ್ಬರು ಕೊಟ್ಟ ಬೇರೂ ಆಯಿತು. ಪ್ರತಿ ಸಲ ಹೋಗುವಾಗ ಒಂದು ಆಸೆ, ಬರುವಾಗ ಅದರ ಹೆಣ. ಎರಡು ಮೂರು ವರ್ಷ ಹೀಗೇ ಕಳೆಯಿತು. ನಡುವೆ ನಾನು ಹಗಲಿಡೀ ಅವಳ ಕೈಯನ್ನು ನನ್ನ ಗಂಟಲ ಮೇಲಿಟ್ಟು 'ಅವ್ವಾ' 'ಅವ್ವಾ' ಎಂದು ಹೇಳುತ್ತಿದ್ದೆ. ಒಮ್ಮೆ ಕಲಿತಿದ್ದ ಶಬ್ದ, ಎಲ್ಲೋ ಒಳಗೆ ಉಳಿದಿರಬೇಕು ಎಂದು. ಅವಳು ನನ್ನ ಬಾಯಿಯನ್ನು ನೋಡಿ ತಾನೂ ಬಾಯಿ ತೆರೆದು ಮುಚ್ಚುತ್ತಿದ್ದಳು. ದನಿ ಬರುತ್ತಿರಲಿಲ್ಲ.

ಕೊನೆಗೆ ಅವಳನ್ನು ಬೆಳಗಾವಿಯಲ್ಲಿ ಕಿವುಡ ಮಕ್ಕಳ ಶಾಲೆಗೆ ಸೇರಿಸಿದೆವು. ಅಲ್ಲೇ ಇದ್ದು ಕಲಿಯಬೇಕು. ಬಿಟ್ಟು ಬರುವಾಗ ಅವಳಿಗೆ ಏನೆಂದು ಹೇಳುವುದು? ರಜೆಗೆ ಕರೆದುಕೊಂಡು ಹೋಗುತ್ತೇವೆ ಎನ್ನುವುದನ್ನು ಯಾವ ಬೆರಳು ಮಾಡಿ ತೋರಿಸುವುದು? ಬಿಟ್ಟೇ ಹೋದರು ಅಂದುಕೊಂಡಿರಬೇಕು. ಗೇಟಿನ ಸರಳಿಗೆ ಮುಖ ಒತ್ತಿಕೊಂಡು ನಿಂತಳು, ಅಳಲೂ ಇಲ್ಲ.

ದೀಪಾವಳಿಯ ರಜೆಗೆ ಬಂದಾಗ ಅವಳ ಕೈಗಳು ಬೇರೆಯವೇ ಆಗಿದ್ದವು. ಗಾಳಿಯಲ್ಲಿ ಏನೇನೋ ಬರೆಯುತ್ತಿದ್ದವು. ನಾನು ಮುಂದೆ ಕೂತು ನೋಡಿದೆ, ತಿಳಿಯಲಿಲ್ಲ. ಅವಳು ನಿಧಾನವಾಗಿ ಮತ್ತೊಮ್ಮೆ ಮಾಡಿದಳು. ನಾನು ತಪ್ಪಾಗಿ ನೀರು ತಂದುಕೊಟ್ಟೆ. ಸಿಟ್ಟಿಗೆದ್ದು ತಂಬಿಗೆ ಚೆಲ್ಲಿದಳು. ಶಾಲೆಯವರು ತಂದೆತಾಯಿಗೂ ಕಲಿಸುತ್ತೇವೆಂದು ಕರೆದಿದ್ದರು. ಹೋದೆ, ಒಂದಿಷ್ಟು ಕಲಿತೆ. ಊಟ, ನಿದ್ದೆ, ಬಸ್ಸು, ರಜೆ. ಕಲಿತದ್ದು ಬೆರಳಿಗೆ ಹತ್ತುತ್ತಿರಲಿಲ್ಲ. ಗಂಡ ಹೆಚ್ಚು ಪ್ರಯತ್ನಿಸಲಿಲ್ಲ. ಅವಳನ್ನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ತಿರುಗಾಡಿಸುತ್ತಿದ್ದರು, ಅವರಿಬ್ಬರಿಗೂ ಅಷ್ಟೇ ಸಾಕಾಗಿತ್ತು.

ಕಲಿತವರು ನಮ್ಮ ಅತ್ತೆ. ಅಕ್ಷರ ಬಾರದವರು, ಎಪ್ಪತ್ತರ ಹತ್ತಿರದವರು. ಆ ರಜೆಯ ದಿನಗಳಲ್ಲಿ ಮೊಮ್ಮಗಳ ಮುಂದೆ ಕಾಲು ಚಾಚಿ ಕೂತು, ಅವಳು ಮಾಡಿದ್ದನ್ನು ತಾವೂ ಮಾಡಿದರು. ತಿಳಿಯದಿದ್ದರೆ ಅವಳ ಕೈ ಹಿಡಿದು 'ಇನ್ನೊಮ್ಮೆ' ಎಂದು ಅಲುಗಿಸುತ್ತಿದ್ದರು. ಮುಂದಿನ ಬೇಸಿಗೆಯ ಹೊತ್ತಿಗೆ ಇಬ್ಬರೂ ಹರಟೆಗೆ ಬಿದ್ದಿದ್ದರು. ಅತ್ತೆ ತಮ್ಮದೇ ಕೆಲವು ಶಬ್ದ ಹುಟ್ಟಿಸಿಕೊಂಡಿದ್ದರು. ಪಕ್ಕದ ಕ್ವಾರ್ಟರ್ಸಿನ ದಪ್ಪ ಹೆಂಗಸಿಗೆ ಒಂದು ಗುರುತು, ಹಾಲಿಗೆ ನೀರು ಹಾಕುವ ಗೌಳಿಗೆ ಒಂದು, ನನಗೂ ಒಂದು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಗಂಡನಿಗೆ ಕಿತ್ತೂರಿನ ಕಡೆ ವರ್ಗವಾಯಿತು. ಕೆರೆ ಬಿಟ್ಟು ಬಂದದ್ದಕ್ಕೆ ನಾನು ಒಂದು ಹನಿಯೂ ಅಳಲಿಲ್ಲ. ಕಿತ್ತೂರಿನ ಮನೆ ಬೀದಿಯ ಮೇಲೆಯೇ ಇತ್ತು. ರಜೆಗೆ ಬಂದಾಗ ಮಗಳು, ಅತ್ತೆ ಇಬ್ಬರೂ ಕಟ್ಟೆಯ ಮೇಲೆ ಎದುರುಬದುರು ಕೂತು, ಹೋಗುವವರು ಬರುವವರನ್ನು ನೋಡುತ್ತ, ಕೈ ಆಡಿಸುತ್ತ, ಹೊಟ್ಟೆ ಹಿಡಿದು ನಗುತ್ತಿದ್ದರು. ಒಂದು ದಿನ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ಮಗಳು ನನ್ನ ಕಡೆ ನೋಡಿ ಅಜ್ಜಿಗೆ ಏನೋ ಹೇಳಿದಳು. ಇಬ್ಬರೂ ಮತ್ತೆ ನಕ್ಕರು.

"ಏನಂದ್ಳರಿ ಅತ್ತಿ?" ಎಂದು ಕೇಳಿದೆ.

"ನಿನಗ್ಯಾಕ ಅದು? ನಮ್ಮ ನಮ್ಮ ಮಾತು" ಎಂದರು ಅತ್ತೆ.

ಸ್ವಲ್ಪ ಹೊತ್ತು ನಿಂತು ನೋಡಿದೆ. ಅವಳ ಬೆರಳುಗಳು ಬಹಳ ವೇಗವಾಗಿ ಓಡುತ್ತಿದ್ದವು. ನನಗೆ ಗೊತ್ತಿದ್ದ ಒಂದು ಗುರುತೂ ಅದರಲ್ಲಿ ಸಿಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಿತು. ಒಳಗೆ ಹೋದೆ.